ಟೀಚರಮ್ಮನ ಹಳೆಯ ದನಿ

ಟೀಚರಮ್ಮನಿಗೆ ಮಾತೇ ಬಂಡವಾಳ. ಊರಿಗೆ ಹೊಸದಾಗಿ ಬಂದ ನರ್ಸು, ಡ್ರೈವರು, ಹೊಲಿಗೆಯವರಿಗೆಲ್ಲ ಆ ಊರಿನ ಭಾಷೆ ಕಲಿಸಿಯೇ ಹೊಟ್ಟೆ ಹೊರೆದವಳು. ಅಂಥವಳ ಗಂಟಲಿಗೇ ಆಪರೇಷನ್ ಆಗಬೇಕೇ! ತಿಂಗಳುಗಟ್ಟಲೆ ತುಟಿ ಬಿಚ್ಚಕೂಡದು ಎಂದುಬಿಟ್ಟರು ಡಾಕ್ಟರು. ತರಗತಿ ಕೈಬಿಟ್ಟರೆ ಇನ್ನೊಬ್ಬರು ಬಂದು ಕೂರುತ್ತಾರೆ, ಆಮೇಲೆ ತನ್ನನ್ನು ಕೇಳುವವರು ಯಾರು? ಆ ಭಯಕ್ಕೇ ಆಪರೇಷನ್ನಿಗೆ ಮೊದಲೇ ಪಾಠಗಳನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸಿದಳು. ಒಂದು ವಾಕ್ಯ, 'ಈಗ ನೀವು ಹೇಳಿ', ಅವರು ಹೇಳುವಷ್ಟು ಹೊತ್ತು ಬಿಡುವು, ಮತ್ತೊಂದು ವಾಕ್ಯ.

ಎಲ್ಲರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಟ್ಟಿಗೆ ಕೇಳುವರು, ಒಟ್ಟಿಗೆ ಹೇಳುವರು. ಇವಳು ಬಾಯಿಗೆ ಬೀಗ ಹಾಕಿಕೊಂಡು ಬೋರ್ಡಿನ ಪಕ್ಕ ನಿಲ್ಲುವಳು. ಒಂದು ದಿನ ಡ್ರೈವರು ತಪ್ಪು ಹೇಳಿ, ಸ್ವಲ್ಪ ತಡೆದು, ಸರಿಮಾಡಿ ಹೇಳಿದ. ಕೈಸನ್ನೆಯಲ್ಲೇ ಶಹಬ್ಬಾಸ್ ಎಂದಳು.

"ನೀವೇ ತಿದ್ದಿದ್ರಲ್ಲ ಮೇಡಂ, ಈಗ ತಾನೇ" ಎಂದ ಅವನು, ಇಯರ್‌ಫೋನ್ ತೋರಿಸಿ.

ಟೀಚರಮ್ಮ ಅದನ್ನು ಇಸಿದುಕೊಂಡು ತನ್ನ ಕಿವಿಗಿಟ್ಟಳು. ಬಿಡುವಿನ ಜಾಗದಲ್ಲಿ ಉಸಿರಾಟ ಕೇಳಿಸಿತು. ಉತ್ತರಕ್ಕಾಗಿ ಕಾಯುವವರ ಉಸಿರು. ಆ ರೆಕಾರ್ಡಿಂಗುಗಳನ್ನು ಆಗಲೇ ಅಳಿಸಿಹಾಕಿಸಬಹುದಿತ್ತು. ಹಾಕಿಸಲಿಲ್ಲ, ಪುಣ್ಯಾತ್ಗಿತ್ತಿ! ತರಗತಿ ನಡೆಯುತ್ತಿದೆಯಲ್ಲ, ಅಷ್ಟು ಸಾಕಾಗಿತ್ತು. ದಿನೇದಿನೇ ಅವರ ಮಾತು ನೀರು ಕುಡಿದಷ್ಟು ಸಲೀಸಾಯಿತು. ಇವಳೇ ಕಲಿಸುವಾಗ ಹಾಗಿರಲಿಲ್ಲ. ನಿಜ ಹೇಳಬೇಕೆಂದರೆ, ತನ್ನ ದನಿಯ ಮೇಲೆ ತನಗೇ ಹೊಟ್ಟೆಕಿಚ್ಚು!

ಕೊನೆಗೂ ಡಾಕ್ಟರು ಒಪ್ಪಿಗೆ ಕೊಟ್ಟರು. ಮಾತು ಮರಳಿತು. ಸ್ವಲ್ಪ ಒರಟಾಗಿತ್ತು, ಆದರೇನು, ತನ್ನದೇ ತಾನೆ? ಕುಣಿದಾಡುವಷ್ಟು ಖುಷಿಯಿಂದ ತರಗತಿಗೆ ಹೋದಳು. ಎಲ್ಲರೂ ಆಗಲೇ ಕೂತಿದ್ದರು. ಇನ್ನು ಫೋನು ಬೇಡ, ನಾನೇ ಪಾಠ ಮಾಡುತ್ತೇನೆ ಎಂದಳು.

ಯಾರೂ ಇಯರ್‌ಫೋನ್ ತೆಗೆಯಲಿಲ್ಲ. ಏನನ್ನೋ ಕೇಳಿಸಿಕೊಂಡರು. ಆಮೇಲೆ ಒಟ್ಟಿಗೆ, ಒಂದಕ್ಷರ ತಪ್ಪದೆ ಹೇಳಿದರು: "ಈ ಹೆಂಗಸು ಯಾರೋ ಗೊತ್ತಿಲ್ಲ."

ಹೇಳಿ ಸುಮ್ಮನೆ ಕಾದರು. ಮುಂದಿನ ವಾಕ್ಯ ಬರಲಿಲ್ಲವೆಂದು ತೋರುತ್ತದೆ. ನರ್ಸು ತಲೆಯೆತ್ತಿ, ಇಯರ್‌ಫೋನ್ ತೋರಿಸಿ, ಬಹಳ ಮರ್ಯಾದೆಯಿಂದ ಹೇಳಿದಳು: "ಒಬ್ರು ಇನ್ನೂ ಹೇಳಿಲ್ವಂತೆ. ಮೇಡಂ ಕಾಯ್ತಿದಾರೆ."

ಎಲ್ಲರ ಕಣ್ಣೂ ಟೀಚರಮ್ಮನ ಮೇಲೆ. ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದಳು. ಹೊರಬಿದ್ದದ್ದು ಅದೇ ವಾಕ್ಯ, ತನ್ನದೇ ಒರಟು ದನಿಯಲ್ಲಿ: "ಈ ಹೆಂಗಸು ಯಾರೋ ಗೊತ್ತಿಲ್ಲ."

ತರಗತಿ ನಿರಾಳವಾಗಿ ಉಸಿರುಬಿಟ್ಟಿತು. ಮುಂದಿನ ವಾಕ್ಯ ಬಂದಿರಬೇಕು. ಎಲ್ಲರೂ ಸ್ಪಷ್ಟವಾಗಿ ಹೇಳಿದರು: "ದಯವಿಟ್ಟು ಬಾಗಿಲು ಹಾಕಿಕೊಂಡು ಹೋಗಿ."