ಎರವಲು ಚಕ್ರಗಳು

ಭಾನುವಾರ ಬೆಳಿಗ್ಗೆ ಊರಿನವರೆಲ್ಲ ಚರ್ಚಿಗೆ ಹೋಗಿರುವ ಹೊತ್ತಿನಲ್ಲಿ ಎಡ್ವಿಜ್ ಬಕೆಟ್ಟು, ಸ್ಪಂಜು, ಟಯರಿಗೆ ಹಚ್ಚುವ ಕಪ್ಪು ಪಾಲಿಶಿನ ಡಬ್ಬಿ ಹಿಡಿದುಕೊಂಡು ಮುಸ್ಯೊ ಪೂರ್ಸೆಲೋ ಅವರ ಗ್ಯಾರೇಜಿಗೆ ಹೋಗುತ್ತಿದ್ದಳು. ಮೂರು ವರ್ಷದಿಂದ ತಪ್ಪದ ಕೆಲಸ. ಯಾರೂ ಹೇಳಿ ಮಾಡಿಸಿದ್ದಲ್ಲ. ಮುದುಕರಿಗೆ ಸೊಂಟ ಹಿಡಿದುಕೊಂಡಿತ್ತೆಂದು ಒಂದು ದಿನ ಸಹಾಯಕ್ಕೆ ಹೋದವಳು, ಸೊಂಟ ಸರಿಹೋದ ಮೇಲೂ ಹೋಗುತ್ತಲೇ ಇದ್ದಳು.

ಗ್ಯಾರೇಜಿನಲ್ಲಿ ನಿಂತಿದ್ದದ್ದು ಇನ್ನೂರೈದು ಜಿಟಿಐ ಎಂಬ ಕಾರು. ಕಪ್ಪು ಮೈ, ಸುತ್ತ ಒಂದು ತೆಳು ಕೆಂಪು ಗೆರೆ, ಒಳಗೆ ಕೆಂಪು ಕಾರ್ಪೆಟ್ಟು. ನೋಡಿದರೆ ಸಂತೆಗೆ ತರಕಾರಿ ತರಲು ಹೋಗುವ ಗಿಡ್ಡ ಕಾರು, ಅಷ್ಟೆ. ಆದರೆ ಎರಡನೇ ಗೇರಿಗೆ ಹಾಕಿ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಪೂರ್ಸೆಲೋ ಸೊಷೋದ ಕಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಗಿಲು ಜೋಡಿಸಿ, ನಿವೃತ್ತರಾದ ವರ್ಷವೇ ಅದನ್ನು ಕೊಂಡಿದ್ದರು. ಈಗ ಕಾರಿಗೆ ಎಂಟು ವರ್ಷ, ಅವರಿಗೆ ಅರವತ್ತೆಂಟು.

ತೊಳೆದು ಮುಗಿದ ಮೇಲೆ ಅವರು ಎಡ್ವಿಜ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಣಿವೆಯ ಕಡೆಗೆ ಒಂದು ಸುತ್ತು ಹೋಗಿಬರುತ್ತಿದ್ದರು. ಆ ರಸ್ತೆಗೆ ಏಳು ಕಡಿದಾದ ತಿರುವು. ಮೂರನೆಯದು ಬಂದಾಗ ಪ್ರತಿ ಸಲವೂ ಅದೇ ಮಾತು.

“ನೋಡು ಮರಿ, ಈ ಕಾರಿನ ಬಾಲ ಹಗುರ. ತಿರುವಿಗೆ ನುಗ್ಗಿದ್ಮೇಲೆ ಹೆದರಿ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ್ಯೋ, ಹಿಂದಿರೋದು ಮುಂದೆ ಬರುತ್ತೆ. ಹೆದರೋದಾದ್ರೆ ತಿರುವಿಗೆ ಮುಂಚೆ ಹೆದರ್ಕೋಬೇಕು.”

“ಹೂಂ,” ಅನ್ನುತ್ತಿದ್ದಳು ಎಡ್ವಿಜ್. ಅದಕ್ಕಿಂತ ಉದ್ದದ ಮಾತು ಅವಳ ಗಂಟಲಿನಿಂದ ಏಳುತ್ತಿರಲಿಲ್ಲ. ಹದಿನಾರಕ್ಕೆ ಶಾಲೆ ಬಿಟ್ಟು ಊರಿನ ಚೀಸ್ ಡೇರಿ ಸೇರಿದವಳು. ಐದು ವರ್ಷದಿಂದ ನೆಲಮಾಳಿಗೆಯಲ್ಲಿ ಬಂಡಿಗಾಲಿಯಷ್ಟು ದೊಡ್ಡ ಚೀಸುಗಳನ್ನು ಉಪ್ಪುನೀರಿನಲ್ಲಿ ಒರೆಸಿ ಮಗುಚುವುದು ಅವಳ ಕೆಲಸ. ಚೀಸುಗಳಿಗೆ ಮಾತು ಬೇಡ. ಕಾರಿಗೂ ಬೇಡವೆಂದು ಅವಳು ತಿಳಿದಿದ್ದಳು. ಮಾರುವುದಾದರೆ ನನಗೆ ಕೊಡಿ. ಮೂರು ಪದ. ಮೂರು ವರ್ಷ ಪ್ರತಿ ಭಾನುವಾರ ತನ್ನ ಕೈಗಳೇ ಅದನ್ನು ಹೇಳುತ್ತಿವೆ, ಮುದುಕರಿಗೆ ಅರ್ಥವಾಗಿಯೇ ಇರುತ್ತದೆ ಎಂದು ಅವಳ ನಂಬಿಕೆ.

ಆ ನಂಬಿಕೆಯಲ್ಲೇ ಅವಳು ವಸಂತದಲ್ಲಿ ಹತ್ತಿರದ ಪಟ್ಟಣ ಪೊಂತಾರ್ಲಿಯೆಯ ಗುಜರಿ ಅಂಗಡಿಯಲ್ಲಿ ಅದೇ ಕಾರಿನ ನಾಲ್ಕು ಚಕ್ರಗಳನ್ನು ಕೊಂಡು ತಂದಳು. ಟಯರುಗಳು ಹೊಸವೇ ಅನ್ನುವ ಹಾಗಿದ್ದವು. ಮನೆಯ ಹಿಂದಿನ ಹುಲ್ಲಿನ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದಿಸಿ ಇಟ್ಟಳು.

ಸೆಪ್ಟೆಂಬರಿನ ಒಂದು ಸಂಜೆ ಆಲೂಗೆಡ್ಡೆಗೆಂದು ಬಂದ ಪೂರ್ಸೆಲೋ ಟಾರ್ಪಾಲಿನ ಕೆಳಗಿಂದ ಇಣುಕುತ್ತಿದ್ದ ಅವುಗಳನ್ನು ಕಂಡರು.

“ಇವು ಯಾರವು ಮರಿ?”

“ಸುಮ್ನೆ. ಅಗ್ಗಕ್ಕೆ ಸಿಕ್ತು.” ಅವಳ ಕಿವಿ ಕೆಂಪಗಾಯಿತು.

“ಒಂದಿನಕ್ಕೆ ಕೊಡ್ತೀಯಾ? ಕಣ್ಣು ಮಂಜಾಗ್ತಿದೆ. ಚಳಿಗಾಲಕ್ಕೆ ಮುಂಚೆ ಕಾರು ಮಾರ್ಬಿಡೋಣ ಅಂತಿದೀನಿ. ತಪಾಸಣೆ ಮಾಡಿಸಿದ ಚೀಟಿ ಇಲ್ದೆ ಮಾರೋ ಹಂಗಿಲ್ಲ. ನನ್ನ ಟಯರು ನೋಡಿದ್ರೆ ಅವ್ರು ವಾಪಸ್ ಕಳಿಸ್ತಾರೆ.”

ಇದು ಆ ಊರಿನಲ್ಲಿ ಹೊಸದೇನಲ್ಲ. ತಪಾಸಣೆಯ ದಿನ ಪಕ್ಕದ ಮನೆಯವರ ಚಕ್ರ ಹಾಕಿಕೊಂಡು ಹೋಗಿ, ಸಂಜೆ ಬಿಚ್ಚಿ ವಾಪಸ್ ಕೊಡುವುದು ಏಣಿ ಎರವಲು ಪಡೆದಷ್ಟೇ ಸಲೀಸು. ಎಡ್ವಿಜ್ ಟಾರ್ಪಾಲನ್ನು ಪೂರ್ತಿ ಸರಿಸಿದಳು. ಮಾರುತ್ತಾರೆ. ಇನ್ಯಾರಿಗೆ?

“ನೀನೇನಂತೀಯ, ಮಾರ್ಲಾ?” ಪೂರ್ಸೆಲೋ ಅವಳ ಮುಖವನ್ನೇ ನೋಡುತ್ತಾ ನಿಂತರು.

“ಒಳ್ಳೇದು,” ಎಂದಳು ಎಡ್ವಿಜ್. ಆಮೇಲೆ ಬಗ್ಗಿ ಆಲೂಗೆಡ್ಡೆ ಆರಿಸತೊಡಗಿದಳು.

ಮಾರನೆಯ ದಿನ ಸಂಜೆಯೇ ಚಕ್ರಗಳು ಒರೆಸಿಕೊಂಡು ಕೊಟ್ಟಿಗೆಗೆ ಹಿಂತಿರುಗಿದವು. ಅವಳು ಒಂದು ಭಾನುವಾರ ಕಾದಳು. ಇನ್ನೊಂದು ಕಾದಳು. ಮೂರನೆಯ ಭಾನುವಾರ ಬಕೆಟ್ಟು ಹಿಡಿದು ಹೋದಾಗ ಗ್ಯಾರೇಜಿನ ಬಾಗಿಲು ತೆರೆದಿತ್ತು, ಅಡುಗೆಮನೆಯಿಂದ ನಗು ಕೇಳುತ್ತಿತ್ತು. ಆ ನಗು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಚಿಕ್ಕಪ್ಪ ರೆಜಿಸ್‌ನ ಮಗಳು ಲುಡಿವಿನ್.

ಮೇಜಿನ ಮೇಲೆ ಕಾರಿನ ನೋಂದಣಿಯ ಬೂದು ಕಾರ್ಡು ಬಿಡಿಸಿಟ್ಟಿತ್ತು.

“ಬಾ ಮರಿ, ಸರಿಯಾದ ಹೊತ್ತಿಗೆ ಬಂದೆ. ನನ್ನ ಕನ್ನಡಕ ಎಲ್ಲಿ ಬಿದ್ದಿದೆ ನೋಡು,” ಎಂದರು ಪೂರ್ಸೆಲೋ.

ಎಡ್ವಿಜ್ ಬ್ರೆಡ್ಡಿನ ಬುಟ್ಟಿಯ ಹಿಂದಿನಿಂದ ಕನ್ನಡಕ ತೆಗೆದು ಕೊಟ್ಟಳು. ಅದನ್ನು ಹಾಕಿಕೊಂಡು ಅವರು ಕಾರ್ಡಿನ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. ‘ಮಾರಿದೆ’ ಎಂದು ಬರೆದರು, ತಾರೀಖು ಹಾಕಿದರು, ರುಜು ಮಾಡಿದರು. ಪೆನ್ನು ಕಾಗದದ ಮೇಲೆ ಕರಕರ ಅಂದದ್ದು ಅವಳ ಹಲ್ಲಿನ ಬುಡಕ್ಕೆ ಕೇಳಿಸಿತು.

“ಎಡಿ! ನೋಡೇ!” ಲುಡಿವಿನ್ ಕುರ್ಚಿಯಿಂದ ನೆಗೆದು ಅವಳ ಭುಜ ಅಲ್ಲಾಡಿಸಿದಳು. “ನಿನ್ನೆ ಈ ದಾರೀಲಿ ಹೋಗ್ತಾ ಇದ್ದೆ. ಸುಮ್ನೆ ಒಳಗೆ ಬಂದು ಕೇಳ್ದೆ, ಒಂದ್ಸಲ ಓಡಿಸ್ಲಾ ಮುಸ್ಯೊ ಪೂರ್ಸೆಲೋ ಅಂತ. ಕೊಟ್ರು! ನಂಗೇ ಕೊಡ್ತೀರಾ ಅಂದೆ. ಹೂಂ ಅಂದ್ಬಿಟ್ರು!”

ಮೂರು ವರ್ಷದಲ್ಲಿ ಎಡ್ವಿಜ್ ಆ ಸ್ಟೀರಿಂಗನ್ನು ಒರೆಸಿದ್ದಳು, ಹಿಡಿದು ತಿರುಗಿಸಿರಲಿಲ್ಲ.

“ಕೇಳೋರು ಬೇಕಲ್ಲ,” ಎಂದರು ಪೂರ್ಸೆಲೋ, ಯಾರ ಮುಖವನ್ನೂ ನೋಡದೆ. “ಗ್ಯಾರೇಜಲ್ಲಿ ಕೊಳೆಯೋಕಿಂತ ಓಡಾಡ್ಕೊಂಡಿರ್ಲಿ. ಲುಡಿವಿನ್, ಟಯರು ಹಳೇವು ಅಂತ ಹೇಳಿದೀನಿ. ಮಳೆ ಹಿಡಿಯೋಕೆ ಮುಂಚೆ ಹಿಮದ ಟಯರು ಹಾಕಿಸ್ಕೊಂಬಿಡು.”

“ಹಾಕಿಸ್ತೀನಿ, ಹಾಕಿಸ್ತೀನಿ,” ಎಂದಳು ಲುಡಿವಿನ್. ಅವಳ ಕಣ್ಣು ಕೀ ಮೇಲಿತ್ತು.

ಎಡ್ವಿಜ್ ಬಕೆಟ್ಟು ಹಿಡಿದು ಮನೆಗೆ ವಾಪಸಾದಳು. ನೀರು ತುಳುಕಿ ಕಾಲುಚೀಲ ಒದ್ದೆಯಾದದ್ದು ಮನೆ ಸೇರಿದ ಮೇಲೆಯೇ ತಿಳಿದದ್ದು.

ಆ ವಾರವಿಡೀ ಅವಳ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿಟ್ಟ ಹಾಗಿತ್ತು. ಲುಡಿವಿನ್‌ಗೆ ಎಲ್ಲವೂ ಹೀಗೇ ಸಿಗುತ್ತಿತ್ತು. ಅಜ್ಜಿಯ ಹರಳಿನ ಉಂಗುರ, ಬ್ಯಾಂಕಿನ ಕೆಲಸ, ಕುಣಿತಕ್ಕೆ ಕರೆಯುವ ಹುಡುಗರು. ಬಾಯಿ ತೆರೆದು ಕೇಳುತ್ತಿದ್ದಳು, ಬಂದು ಬೀಳುತ್ತಿತ್ತು. ಡೇರಿಯ ಹಿಂದೆ ಕಣಿವೆಗಿಳಿಯುವ ರಸ್ತೆಯಲ್ಲಿ ದಿನಾ ಎರಡು ಸಲ ಆ ಎಂಜಿನ್ನಿನ ಸದ್ದು ಹಾದುಹೋಗುತ್ತಿತ್ತು. ಎಡ್ವಿಜ್ ಕೈಯಲ್ಲಿ ಬಟ್ಟೆ ಹಿಡಿದು ನಿಂತುಬಿಡುತ್ತಿದ್ದಳು. ಗೇರು ತಡವಾಗಿ ಬದಲಿಸ್ತಾಳೆ, ಕತ್ತೆ.

ಟಯರಿನ ವಿಷಯ ಅವಳಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಹಳೇ ಚೀಸಿನ ಸಿಪ್ಪೆಯನ್ನು ಒತ್ತಿ ನೋಡುವ ಹೆಬ್ಬೆರಳಿನಲ್ಲೇ ಅವಳು ಅವುಗಳನ್ನೂ ಒತ್ತಿ ನೋಡಿದ್ದಳು. ಕಲ್ಲಿನಂತೆ ಗಟ್ಟಿ, ಬದಿಯಲ್ಲಿ ಕೂದಲೆಳೆಯಂಥ ಬಿರುಕುಗಳು. ಆದರೆ ವಾರವಾರ ಹಚ್ಚಿದ ಪಾಲಿಶಿನಲ್ಲಿ ಆ ಬಿರುಕು ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿಹೋಗಿತ್ತು. ಒಣ ರಸ್ತೆಯಲ್ಲಿ ನಡೆಯುತ್ತದೆ. ಮಳೆ ಬಂದರೆ?

ಬರಲಿ, ಅನ್ನಿಸಿತು ಅವಳಿಗೆ. ಅನ್ನಿಸಿದ್ದಕ್ಕೆ ಭಯವಾಯಿತು. ಆದರೂ ಅನ್ನಿಸಿತು.

ಮುಂದಿನ ಭಾನುವಾರ ಚಿಕ್ಕಪ್ಪನ ಮನೆಯಲ್ಲಿ ಊಟ. ಹೊಗೆ ಹಾಕಿದ ಸಾಸೇಜು, ಬೇಯಿಸಿದ ಆಲೂಗೆಡ್ಡೆ, ಮತ್ತು ಊಟದುದ್ದಕ್ಕೂ ಕಾರು.

“ನಮ್ಮ ಹುಡುಗಿ ಪೊಂತಾರ್ಲಿಯೆಗೆ ಒಂಬತ್ತೇ ನಿಮಿಷಕ್ಕೆ ಹೋಗ್ತಾಳೆ!” ಚಿಕ್ಕಪ್ಪ ಲೋಟ ಎತ್ತಿದ. “ಎಡ್ವಿಜ್, ನೀನು ಡೇರಿ ವ್ಯಾನಲ್ಲಿ ಎಷ್ಟೊತ್ತಿಗೆ ತಲುಪ್ತೀಯಮ್ಮ?”

“ಅವಳು ತಲುಪೋ ಹೊತ್ತಿಗೆ ವ್ಯಾನಲ್ಲಿರೋ ಹಾಲೇ ಚೀಸಾಗಿರುತ್ತೆ!” ಎಂದಳು ಚಿಕ್ಕಮ್ಮ. ಎಲ್ಲರೂ ನಕ್ಕರು. ಎಡ್ವಿಜ್‌ಳ ಅಮ್ಮನೂ ನಕ್ಕಳು.

ಕಿಟಕಿಯ ಗಾಜಿನ ಮೇಲೆ ಮೊದಲ ಹನಿಗಳು ಬಿದ್ದವು.

“ಟಯರು...” ಎಂದಳು ಎಡ್ವಿಜ್.

ಎಲ್ಲರೂ ಒಮ್ಮೆಲೇ ಅವಳತ್ತ ತಿರುಗಿದರು. ಅವಳು ಮಾತಾಡಿದಾಗಲೆಲ್ಲ ಹಾಗಾಗುತ್ತಿತ್ತು.

“ಏನೇ ಟಯರಿಗೆ?” ಲುಡಿವಿನ್ ಕೇಳಿದಳು.

ಅಷ್ಟು ಮುಖಗಳು. “ಹೊಳೀತಾ ಇದೆ, ಚೆನ್ನಾಗಿ,” ಎಂದಳು.

“ಹೌದು ಕಣೇ! ಆ ಮುದುಕ ಎಷ್ಟು ಮುತುವರ್ಜಿಯಿಂದ ಇಟ್ಕೊಂಡಿದ್ದಾನೆ ಗೊತ್ತಾ, ಪಾಪ!”

ಮುದುಕ. ಎಡ್ವಿಜ್ ಸಾಸೇಜಿನ ತುಂಡನ್ನು ಬಾಯಿಗಿಟ್ಟು ಅಗಿದಳು. ಇನ್ನು ಹೇಳುವುದಿಲ್ಲ ಎಂದು ಅವಳ ದವಡೆಯೇ ತೀರ್ಮಾನಿಸಿದಂತಿತ್ತು.

ಕಾಫಿಯಾದ ಮೇಲೆ ಲುಡಿವಿನ್ ಕೀ ಕುಣಿಸುತ್ತಾ ಎದ್ದಳು. “ಬಾರೇ ಎಡಿ, ಒಂದು ಸುತ್ತು. ನೀನು ಇದರಲ್ಲಿ ಕೂತೇ ಇಲ್ಲ, ಅಲ್ವಾ?”

ಎಡ್ವಿಜ್ ಹೋಗಿ ಕೂತಳು. ಯಾಕೆ ಕೂತಳೋ. ಕೆಂಪು ಕಾರ್ಪೆಟ್ಟಿನ ಮೇಲೆ ಬ್ರೆಡ್ಡಿನ ಪುಡಿ ಬಿದ್ದಿತ್ತು. ಒಂದು ವಾರಕ್ಕೇ.

ಮಳೆ ಸಣ್ಣಗೆ ಹಿಡಿದಿತ್ತು. ಮೊದಲ ತಿರುವು ಕಳೆಯಿತು. ಎರಡನೆಯದರಲ್ಲಿ ಹಿಂದಿನ ಚಕ್ರಗಳು ಒಂದು ಗೇಣು ಜಾರಿ ಮತ್ತೆ ಹಿಡಿದುಕೊಂಡವು. ಲುಡಿವಿನ್‌ಗೆ ತಿಳಿಯಲೇ ಇಲ್ಲ, ಅವಳು ಬ್ಯಾಂಕಿನ ಮ್ಯಾನೇಜರನ ವಿಗ್ಗಿನ ಕತೆ ಹೇಳುತ್ತಿದ್ದಳು. ಎಡ್ವಿಜ್‌ಳ ಬೆನ್ನಿಗೆ ತಿಳಿಯಿತು. ಮೂರನೆಯದಕ್ಕೆ ಕಾರು ಇಳಿಜಾರಿನಲ್ಲಿ ನುಗ್ಗಿತು. ತಿರುವಿನ ತುಂಬ ಒದ್ದೆ ಎಲೆ.

“ಅಯ್ಯೋ!” ಎಂದಳು ಲುಡಿವಿನ್.

“ಕಾಲು ತೆಗೀಬೇಡ!” ಎಡ್ವಿಜ್ ಕಿರುಚಿದಳು. ತನ್ನ ದನಿ ಅಷ್ಟು ದೊಡ್ಡದಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ಲುಡಿವಿನ್ ಕಾಲು ತೆಗೆದಳು. ಯಾರಾಗಿದ್ದರೂ ತೆಗೆಯುತ್ತಿದ್ದರು. ಹಿಂದಿರುವುದು ಮುಂದೆ ಬಂತು. ಫರ್ ಮರಗಳು, ಬಂಡೆ, ಕಣಿವೆ, ಮತ್ತೆ ಮರಗಳು ಗಾಜಿನಲ್ಲಿ ಅಡ್ಡಡ್ಡ ಓಡಿದವು. ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿತು. ಎಂಜಿನ್ನು ಆರಿಹೋಗಿತ್ತು. ವೈಪರು ಮಾತ್ರ ಏನೂ ಆಗಿಲ್ಲವೆಂಬಂತೆ ಆಡುತ್ತಿತ್ತು.

ಎಡ್ವಿಜ್ ಇಳಿದು ಹಿಂದೆ ಹೋದಳು. ಎಡಗಡೆಯ ಹಿಂದಿನ ಚಕ್ರ ರಸ್ತೆಯ ಅಂಚಿನಿಂದ ಎರಡು ಗೇಣು ಈಚೆಗಿತ್ತು. ಅದರಾಚೆ ಕೆಳಗೆ ಹೊಳೆಯ ಸದ್ದು. ಅವಳು ಕುಕ್ಕರಗಾಲಿನಲ್ಲಿ ಕೂತು ಒದ್ದೆ ಟಯರನ್ನು ತೋಳಿನಿಂದ ಉಜ್ಜಿದಳು.

“ಬಾ. ನೋಡು.”

ಲುಡಿವಿನ್ ಕಾರಿಗೆ ಕೈಯೂರಿಕೊಂಡು ಬಂದಳು. ಅವಳ ತುಟಿಗೆ ಬಣ್ಣವೇ ಇರಲಿಲ್ಲ. ಕಪ್ಪು ಅಳಿದ ಕಡೆ ಬಿರುಕುಗಳು ಒಣಗಿದ ಕೆರೆಯ ತಳದಂತೆ ಕಾಣುತ್ತಿದ್ದವು.

“ಪಾಲಿಶ್ ಹಚ್ಚಿ ಹಚ್ಚಿ ಮುಚ್ಚಿದ್ದು ನಾನು. ಮೂರು ವರ್ಷ ಈ ಕಾರು ತೊಳೆದಿದ್ದು ನಾನು.”

“ನಿಂಗೆ ಗೊತ್ತಿತ್ತು.”

“ಹೂಂ.”

“ಊಟಕ್ಕೆ ಕೂತಾಗ್ಲೂ ಗೊತ್ತಿತ್ತು.”

“ಹೂಂ.”

“ಗೊತ್ತಿದ್ದೂ ನನ್ನ ಪಕ್ಕದಲ್ಲಿ ಬಂದು ಕೂತ್ಯಾ? ಹುಚ್ಚು ಹಿಡಿದಿದ್ಯೇನೇ ನಿಂಗೆ?”

“ಹೊಟ್ಟೆಕಿಚ್ಚು,” ಎಂದಳು ಎಡ್ವಿಜ್.

ಲುಡಿವಿನ್ ಬಗ್ಗಿ ಆ ಬಿರುಕುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಅವಳು ಮೆಲ್ಲಗೆ ಹೇಳಿದಳು, “ಮುಸ್ಯೊ ಪೂರ್ಸೆಲೋ ಹೇಳಿದ್ರು ಕಣೇ. ಎಡ್ವಿಜ್‌ಗೆ ಬೇಕೇನೋ ಅನ್ಕೊಂಡು ಎರಡು ವಾರ ಕಾದೆ, ಅವಳು ಬಾಯೇ ಬಿಡ್ಲಿಲ್ಲ ಅಂತ. ಅವಳಿಗೆ ಬೇಡ ಅನ್ಸುತ್ತೆ ಬಿಡಿ ಅಂದ್ಬಿಟ್ಟೆ ನಾನು.”

“ನನ್ನನ್ನ ಕೇಳಿದ್ಯಾ?”

“ಇಲ್ಲ.”

ಇಬ್ಬರ ತಪ್ಪೂ ಆ ಒದ್ದೆ ರಸ್ತೆಯ ಮೇಲೆ ಬಿದ್ದಲ್ಲೇ ಇತ್ತು, ಯಾರೂ ಎತ್ತಿಕೊಳ್ಳಲಿಲ್ಲ. ಎಡ್ವಿಜ್ ಕೈ ಚಾಚಿದಳು.

“ಕೀ ಕೊಡು. ವಾಪಸ್ ನಾನು ಓಡಿಸ್ತೀನಿ.”

ಲುಡಿವಿನ್ ಕೊಟ್ಟಳು. ಕೇಳಿದರೆ ಇಷ್ಟೇ, ಕೊಟ್ಟುಬಿಡುತ್ತಾರೆ. ಅದಕ್ಕೂ ಎಡ್ವಿಜ್‌ಗೆ ಸಿಟ್ಟು ಬಂತು.

ಎರಡನೇ ಗೇರಿನಲ್ಲಿ, ಕಾಲು ಒಂದೇ ಸಮ ಇಟ್ಟುಕೊಂಡು, ಅವಳು ಕಾರನ್ನು ಮೇಲಕ್ಕೆ ತಂದಳು. ಚಿಕ್ಕಪ್ಪನ ಮನೆಯ ಮುಂದೆ ನಿಲ್ಲಿಸಲಿಲ್ಲ. ನೇರ ತನ್ನ ಮನೆಯ ಕೊಟ್ಟಿಗೆಗೆ ನುಗ್ಗಿಸಿ ತನ್ನ ನಾಲ್ಕು ಚಕ್ರಗಳ ಮೇಲಿನ ಟಾರ್ಪಾಲು ಎಳೆದಳು.

ಜಾಕು ಏರಿಸಿದ್ದು, ಬೋಲ್ಟು ಬಿಚ್ಚಿದ್ದು, ಎದುರುಬದುರಾಗಿ ಬಿಗಿದದ್ದು, ಎಲ್ಲ ಎಡ್ವಿಜ್. ಬೋಲ್ಟು ಎಣಿಸಿ ಕೊಟ್ಟವಳು ಲುಡಿವಿನ್.

“ಇವನ್ನ ನಂಗೆ ಮಾರ್ತೀಯಾ?”

“ಇಲ್ಲ. ಎರವಲು. ನೀನು ಈ ಕಾರು ಮಾರೋ ದಿನ ಮೊದಲು ನಂಗೆ ಹೇಳ್ಬೇಕು. ಬೇರೆ ಯಾರಿಗೂ ಕೊಡೋ ಹಂಗಿಲ್ಲ.”

“ಹತ್ತು ವರ್ಷ ಮಾರಲ್ಲ ಕಣೇ ನಾನು.”

“ಕಾಯ್ತೀನಿ. ಕಾರ್ಪೆಟ್ ಮೇಲೆ ಬ್ರೆಡ್ ತಿನ್ಬೇಡ.”

ಲುಡಿವಿನ್ ನಕ್ಕಳು. ಎಡ್ವಿಜ್ ನಗಲಿಲ್ಲ. ಕೊನೆಯ ಬೋಲ್ಟನ್ನು ಅಗತ್ಯಕ್ಕಿಂತ ಕಾಲು ಸುತ್ತು ಹೆಚ್ಚೇ ತಿರುಗಿಸಿದಳು.

ಸೋಮವಾರ ಬೆಳಿಗ್ಗೆಯೂ ಮಳೆ ಬಿಟ್ಟಿರಲಿಲ್ಲ. ನೆಲಮಾಳಿಗೆಯಲ್ಲಿ ಎಡ್ವಿಜ್ ಉಪ್ಪುನೀರಿನ ಬಟ್ಟೆ ಹಿಂಡುತ್ತಿದ್ದಾಗ ಹಿಂದಿನ ರಸ್ತೆಯಲ್ಲಿ ಆ ಸದ್ದು ಬಂತು. ಹೊಟ್ಟೆಯೊಳಗಿನ ಒಲೆ ಆರಿರಲಿಲ್ಲ, ಸದ್ದು ಕೇಳಿದೊಡನೆ ಮತ್ತೆ ಹೊತ್ತಿತು. ಅವಳು ಉಸಿರು ಬಿಗಿಹಿಡಿದು ಕೇಳಿದಳು. ಒಂದನೇ ತಿರುವು. ಎರಡು. ಮೂರಕ್ಕೆ ಮುಂಚೆ ಎಂಜಿನ್ನು ತಗ್ಗಿತು, ತಿರುವಿನೊಳಗೆ ಒಂದೇ ಸಮ ಹಾಡಿತು, ಆಚೆ ಏರಿತು.

ತಿರುವಿಗೆ ಮುಂಚೆಯೇ ಹೆದರಿದ್ದಾಳೆ. ಎಡ್ವಿಜ್ ಉಸಿರು ಬಿಟ್ಟು, ಚೀಸನ್ನು ಎರಡೂ ಕೈಯಲ್ಲಿ ಹಿಡಿದು ಮಗುಚಿದಳು.

ಗೇರು ಮಾತ್ರ ಇನ್ನೂ ತಡವಾಗಿಯೇ ಬದಲಿಸುತ್ತಿದ್ದಳು, ಕತ್ತೆ.