ಎರಡು ಚರಿಗೆ ಮಳೆ

ಸೌಮ್ಯಾಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ರಾತ್ರಿಯಿಡೀ ವಿಕ್ರೋಳಿಯ ಮೇಲೆ ಆಕಾಶ ತೂತು ಬಿದ್ದಂತೆ ಸುರಿದಿತ್ತು. ಆದರೆ ಬೆಳಿಗ್ಗೆ ಎಂಟೂವರೆಗೆ ನೋಡಿದರೆ ಟೆರೇಸಿನ ಮಳೆ ಅಳೆಯುವ ಡಬ್ಬಿಯಲ್ಲಿ ಇದ್ದದ್ದು ಬರೀ ನಲವತ್ತೊಂದು ಮಿಲಿಮೀಟರ್.

ಒಂಬತ್ತನೇ ತರಗತಿಯ ಈ ಹುಡುಗಿಯ ಅಂಕಿಯನ್ನು ಮನೆಯ ಹಿಂದಿನ ಗುಡ್ಡದ ಚಾಳಿನ ಸಾಲುಮನೆಯವರು ನಂಬಿದ್ದರು. ಪಕ್ಕದ ಪವಾಯಿಯಲ್ಲಿ ತುಂತುರು ಬೀಳುವಾಗ ಇಲ್ಲಿ ಜಡಿಮಳೆ ಹೊಡೆಯಬಹುದು, ದೂರದ ಮಳೆಮಾಪನ ಕೇಂದ್ರದ ಅಂಕಿ ಈ ಗುಡ್ಡಕ್ಕೆ ಸಾಲದು ಎಂದು ವಿಜ್ಞಾನದ ಟೀಚರೇ ಡಬ್ಬಿ ಇಡಿಸಿದ್ದರು. ದಿನದ ಮಳೆ ಇನ್ನೂರು ಮಿಲಿಮೀಟರ್ ದಾಟಿದರೆ ನೆನೆದ ಮಣ್ಣು ಜಾರಬಹುದು. ಆಗ ಎಲ್ಲರೂ ಶಾಲೆಯ ಕಟ್ಟಡಕ್ಕೆ ಹೋಗಬೇಕು ಎಂದು ಮಾತಾಗಿತ್ತು. ಅನುಮಾನ ಇಟ್ಟುಕೊಂಡೇ ಅವಳು ಚಾಳಿನ ಗೆಳತಿ ಸಲ್ಮಾಳಿಗೆ ಅಂಕಿ ಕಳಿಸಿ, ಡಬ್ಬಿ ಬರಿದು ಮಾಡಿದಳು.

"ಬಚ್ ಗಯೇ, ಉಳಕೊಂಡ್ವಿ," ಎಂದು ಉತ್ತರ ಬಂತು. "ಅಮ್ಮಿ ಕಟ್ಟಿದ ಗಂಟು ಬಿಚ್ಚಾಕತ್ಯಾಳ."

ಸೌಮ್ಯಾ ಕೆಳಗಿಳಿದು ಬಂದಾಗ ಅಡುಗೆಮನೆಯಲ್ಲಿ ಅಜ್ಜಿ ಗಂಗುಬಾಯಿ ಬೇಳೆ ಹಿಸುಕಿ ನೋಡುತ್ತಿದ್ದಳು. ವಿಜಯಪುರದಿಂದ ಬಂದು ಎರಡೇ ದಿನವಾಗಿತ್ತು. ಅಲ್ಲಿಯ ಸವುಳು ನೀರಿನಲ್ಲಿ ತೊಗರಿಬೇಳೆ ಜಪ್ಪಯ್ಯ ಎಂದರೂ ಬೇಯದು. ಮಳೆನೀರು ಸಿಕ್ಕರೆ ಮೊದಲು ಬೇಳೆಗೇ ಎತ್ತಿಡುವ ರೂಢಿ ಅವಳದು.

"ನೋಡವಾ, ಬೆಣ್ಣಿಯಾಗ್ಯಾವ. ಮ್ಯಾಲಿನ ಡಬ್ಬ್ಯಾಗ ಮಳಿ ನೀರಿತ್ತು, ಮುಂಜಾನೆ ಬಗ್ಗಿಸ್ಕೊಂಡ ಬಂದೆ."

ಸೌಮ್ಯಾ ಗಕ್ಕನೆ ಅವಳತ್ತ ತಿರುಗಿದಳು. "ಆಯಿ, ಎಷ್ಟು? ಕಿತನಾ?"

"ಎರಡ ಚರಿಗಿ. ಯಾಕ?"

ಅವಳು ಅದೇ ಚರಿಗೆಯಲ್ಲಿ ನಲ್ಲಿ ನೀರು ಹಿಡಿದು ಮೇಲಕ್ಕೋಡಿದಳು. ಖಾಲಿ ಡಬ್ಬಿಗೆ ಸುರಿದಳು. ಒಂದು ಚರಿಗೆಗೆ ತೊಂಬತ್ತೆಂಟು ಮಿಲಿಮೀಟರ್. ಎರಡಕ್ಕೆ ನೂರ ತೊಂಬತ್ತಾರು. ಮೇಲೆ ಆ ನಲವತ್ತೊಂದು. ಮುಂದೆ ಕೂಡಿಸುವ ಧೈರ್ಯ ಬರಲಿಲ್ಲ.

ಸಲ್ಮಾ ಫೋನ್ ಎತ್ತಲಿಲ್ಲ. ಸೌಮ್ಯಾ ಗುಡ್ಡದ ಮೆಟ್ಟಿಲು ಹತ್ತಿ ಓಡಿದಳು. ವಿಷಯ ಕೇಳಿದ ಅಜ್ಜಿ ಬರಿಗಾಲಲ್ಲೇ ಹಿಂದೆ ಬಂದಳು.

"ಮೇರಾ ನಂಬರ್ ಗಲತ್ ಥಾ. ನಾ ಕಳಿಸಿದ ಅಂಕಿ ತಪ್ಪಿತ್ತು. ನೀವು ಹೋಗಬೇಕು, ಎಲ್ಲಾರೂ," ಎಂದು ಸೌಮ್ಯಾ ಏದುಸಿರಿನಲ್ಲಿ ಹೇಳಿದಳು.

ಸಲ್ಮಾಳ ತಾಯಿ ನೂರಜಹಾನ ಬಿಚ್ಚಿದ ಗಂಟಿನ ಮುಂದೆ ಕೂತಿದ್ದಳು. "ಆಗ ಒಂದ ಹೇಳಿದಿ, ಈಗ ಒಂದ ಹೇಳ್ತಿ. ಯಾವುದ ನಂಬಲಿ?"

ಗಂಗುಬಾಯಿಯೇ ಮುಂದೆ ಬಂದಳು.

"ತಪ್ಪ ನಂದೈತಿ, ತಂಗಿ. ಎರಡ ಚರಿಗಿ ಮಳಿ ನಾ ಬ್ಯಾಳಿಗಿ ಹಾಕೀನಿ. ಈಕಿನ್ನ ನಂಬು."

ನೂರಜಹಾನ ಅವಳ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಎದ್ದು ಪಕ್ಕದ ಬಾಗಿಲು ಬಡಿದಳು.

ಹತ್ತೂವರೆಗೆ ಗುಡ್ಡದ ತಡೆಗೋಡೆ ಕುಸಿಯಿತು. ಐದು ಮನೆ ಮಣ್ಣಾದವು, ಒಂದು ಸಲ್ಮಾಳದು. ಒಳಗೆ ಯಾರೂ ಇರಲಿಲ್ಲ. ಆ ಬೇಳೆಯನ್ನು ಶಾಲೆಗೆ ಬಂದು ಸೇರಿದ್ದ ಚಾಳಿನ ಮಕ್ಕಳಿಗೆ ಬಡಿಸಿದರು. ಗಂಗುಬಾಯಿಗೆ ಒಂದು ತುತ್ತೂ ಇಳಿಯಲಿಲ್ಲ.

ಮರುದಿನ ಎಂಟೂವರೆಗೆ ಸೌಮ್ಯಾ ಟೆರೇಸಿಗೆ ಹೋದಾಗ ಅಜ್ಜಿ ಆಗಲೇ ಅಲ್ಲಿದ್ದಳು. ಡಬ್ಬಿಗೆ ಮರೆಯಾದೀತೆಂದು ಕೊಡೆ ಮಡಿಚಿಟ್ಟು, ಮಳೆಯಲ್ಲಿ ತೊಯ್ದು ನಿಂತಿದ್ದಳು.

"ನೋಡಿ ಬರ್ಕೊ," ಎಂದಳು. "ನಾ ಮುಟ್ಟಿಲ್ಲ."