ಕೊನೆಯಲ್ಲಿ ಕೂತ ಇ

ಐದನೇ ಕ್ಲಾಸಿಗೆ ಇಂಗ್ಲಿಷ್ ಶುರುವಾಗುತ್ತದೆಂದು, ಆ ಬೇಸಿಗೆ ರಜೆಯಲ್ಲೇ ಮಗಳು ಗೌರಿಗೆ ಅಕ್ಷರ ಹೇಳಿಕೊಡತೊಡಗಿದೆ. ತಿಪಟೂರಿನಲ್ಲಿ ಬಿ.ಎ. ಓದಿ ಅರಳಗುಪ್ಪೆಯ ತೋಟದ ಮನೆಗೆ ಸೊಸೆಯಾಗಿ ಬಂದವಳು ನಾನು. ಓದಿದ್ದು ಇಷ್ಟಕ್ಕಾದರೂ ಆಗಲಿ ಎಂದುಕೊಂಡೆ.

ಸ್ಲೇಟಿನ ಮೇಲೆ ಇಂಗ್ಲಿಷಿನಲ್ಲಿ 'ಕಿಟ್' ಎಂದು ಬರೆದು, ಕೊನೆಗೊಂದು ಇ ಅಕ್ಷರ ಸೇರಿಸಿದೆ.

"ಈಗ ಇದು ಕೈಟ್. ಗಾಳಿಪಟ. ಈ ಇ ಬಾಯಿ ಬಿಡಲ್ಲ. ಕೊನೇಲಿ ಸುಮ್ಮನೆ ಕೂತಿರುತ್ತೆ. ಆದ್ರೆ ಪಕ್ಕದ ಟಿಯನ್ನ ದಾಟಿ ಕೈ ಚಾಚಿ, ಅದರಾಚೆ ಇರೋ ಐ ಸ್ವರಾನ ಉದ್ದಕ್ಕೆ ಎಳೆಯುತ್ತೆ. 'ಡೈನ್' ಅಂದ್ರೆ ಊಟ ಮಾಡು, ಅಲ್ಲೂ ಹಾಗೇ. 'ಡಿನ್ನರ್'ನಲ್ಲಿ ನೋಡು, ಎರಡು ಎನ್ ಅಡ್ಡ ಕೂತಿವೆ. ಇಬ್ಬರನ್ನ ದಾಟೋಕೆ ಇ ಕೈ ಸಾಲದು."

"ಮಾತೇ ಆಡ್ದಿರೋದನ್ನ ಯಾಕಮ್ಮ ಬರೀಬೇಕು?"

"ಮಾತಾಡ್ದಿದ್ರೂ ಅದು ಅಲ್ಲಿ ಇರುತ್ತಲ್ಲ."

ಗೌರಿ ತಲೆಯಾಡಿಸಿದಳು, ಮೊದಲೇ ಗೊತ್ತಿದ್ದ ಸಂಗತಿಯೆಂಬಂತೆ.

ಕೆಲವು ದಿನಗಳಲ್ಲೇ ಅವಳು ಬರಿಯ 'ಕಿಟ್' ಅನ್ನೂ 'ಕೈಟ್' ಎಂದು ಓದತೊಡಗಿದಳು.

"ಕೊನೇಲಿ ಇ ಎಲ್ಲಿದೆಯೇ?"

"ಐತೆ ಕಣಮ್ಮ. ಅಲ್ಲಿ ಕೂತೈತೆ."

ಅವಳ ಬೆರಳು ಸ್ಲೇಟಿನ ಕಡೆ ಇರಲಿಲ್ಲ. ನಡುಮನೆಯಿಂದ ಕೊಬ್ಬರಿ ಅಟ್ಟಕ್ಕೆ ಹತ್ತುವ ಏಣಿಯ ಬುಡದ ಕಡೆ ಇತ್ತು.

ಆಮೇಲೆ ಅವಳ ಕನ್ನಡದ ಸ್ವರಗಳೂ ಉದ್ದಕ್ಕೆ ಎಳೆದುಕೊಳ್ಳತೊಡಗಿದವು. ಒಂದು ಬೆಳಗ್ಗೆ ಓಡಿಬಂದು, "ಅಜ್ಜಿ, ಕಾರು ಹಗ್ಗ ಬಿಚ್ಕೊಂಡೈತೆ!" ಎಂದಳು.

ನಮ್ಮತ್ತೆ ಪುಟ್ಟಗಂಗಮ್ಮ ಬಿದ್ದು ಬಿದ್ದು ನಕ್ಕರು. "ಕೊಟ್ಟಿಗೇಲಿ ಕಾರಾ? ನಿಮ್ಮಪ್ಪ ಯಾವಾಗ ತಂದ್ನೇ? ಹುಲ್ಲು ಹಾಕ್ಲೋ, ಪೆಟ್ರೋಲ್ ಹಾಕ್ಲೋ? ಎಲ್ಲಾ ನಿಮ್ಮಮ್ಮನ ಇಂಗ್ಲಿಷು ಕಣೇ!"

ನಾನೂ ನಕ್ಕೆ. ಗೌರಿ ನಗಲಿಲ್ಲ. ಅವಳು ಮತ್ತೆ 'ಕರು' ಎನ್ನಲು ಹೋದಳು. 'ಕಾ' ಎಂಬುದರ ಸ್ವರ ಮುಗಿಯಲೇ ಇಲ್ಲ. ಎದೆಯ ಉಸಿರೆಲ್ಲ ತೀರಿ, ತುಟಿ ಕಪ್ಪಗಾದ ಮೇಲೆ ನಿಂತಿತು.

ತಿಪಟೂರಿನ ಡಾಕ್ಟರು ಗಂಟಲು ನೋಡಿ, ಏನೂ ಇಲ್ಲವೆಂದು ಟಾನಿಕ್ ಬರೆದುಕೊಟ್ಟರು. ಸ್ವರ ದಿನದಿನಕ್ಕೆ ಉದ್ದವಾಯಿತು. ಒಂದು ದಿನ ಅದು ನಿಲ್ಲದೇ ಹೋದರೆ? ನಾನು ಅವಳ ಬಾಯಿಯನ್ನೇ ಕಾಯುತ್ತಿದ್ದೆ. ತೋಟದಲ್ಲಿದ್ದಾಗ ಚೆನ್ನಾಗಿರುತ್ತಿದ್ದಳು. ನಡುಮನೆಯಲ್ಲಿ, ಅದರಲ್ಲೂ ಊಟದ ಹೊತ್ತಿಗೆ, ಹೆಚ್ಚಾಗುತ್ತಿತ್ತು.

ಒಂದು ಮಧ್ಯಾಹ್ನ ಗೌರಿಯೇ ತಟ್ಟೆ ಹಾಕಿದಳು. ಗೋಡೆಯ ಪಕ್ಕ ತನಗೊಂದು, ಎಂದಿನಂತೆ ನನಗೊಂದು, ನನ್ನ ಆಚೆ ಏಣಿಯ ಬುಡದಲ್ಲಿ ಇನ್ನೊಂದು.

"ಅದು ಯಾರಿಗೇ?"

"ಅಮ್ಮಾ—" ಎಂದಳು. ಅಷ್ಟೇ. ಆ ಸ್ವರ ಹೋಗುತ್ತಲೇ ಇತ್ತು. ಕಣ್ಣುಗಳು ಅಗಲವಾದವು, ಕೈ ನನ್ನ ಮಂಡಿ ಹಿಡಿಯಿತು, ತುಟಿ ಕಪ್ಪಗಾಯಿತು. ಈ ಸಲ ನಿಲ್ಲಲಿಲ್ಲ.

ನಾನೇ ಹೇಳಿಕೊಟ್ಟದ್ದು ಆಗ ನೆನಪಾಯಿತು. ಪಕ್ಕದ ಒಬ್ಬರನ್ನು ದಾಟಿ ಕೈ ಚಾಚುತ್ತದೆ, ಇಬ್ಬರನ್ನು ದಾಟಲಾರದು. ಇಷ್ಟು ದಿನ ಅದರ ಪಕ್ಕದಲ್ಲಿ ಕೂತು ಉಂಡವಳು ನಾನು.

"ಅತ್ತೆ! ಬನ್ನಿ, ಇಲ್ಲಿ ಕೂತ್ಕೊಳ್ಳಿ, ನನ್ನ ಪಕ್ಕ!"

ಯಾವತ್ತೂ ಎಲ್ಲರದೂ ಆದ ಮೇಲೆ ಒಲೆಯ ಮುಂದೆ ಉಣ್ಣುವ ಅತ್ತೆ ಸೌಟು ಹಿಡಿದೇ ಓಡಿಬಂದರು. ಏಣಿಯ ಬುಡದ ತಟ್ಟೆ ಕಂಡು ನಿಂತುಬಿಟ್ಟರು. ಆಮೇಲೆ ನನಗೂ ಆ ತಟ್ಟೆಗೂ ನಡುವೆ ಕುಸಿದು ಕೂತರು.

"ಏಣಿಯಿಂದ ಬಿದ್ದಾಗ ಒಂದು ಕೂಗೂ ಹಾಕ್ಲಿಲ್ಲ ಕಣೇ ನನ್ನ ಮಗ್ಳು," ಎಂದರು. "ಆಗ ಇವಳಷ್ಟೇ ವಯಸ್ಸು ಅವಳಿಗೆ."

ಗೌರಿಯ ಹೆಸರನ್ನು ಶಾಲೆಯಲ್ಲಿ ಚಿಕ್ಕಗೌರಮ್ಮ ಎಂದೇ ಬರೆಸಬೇಕೆಂದು ಹಟ ಹಿಡಿದವರು ಇವರೇ. ಆ 'ಚಿಕ್ಕ' ಎಂಬುದನ್ನು ಮನೆಯಲ್ಲಿ ಯಾರೂ ಉಚ್ಚರಿಸುತ್ತಿರಲಿಲ್ಲ. ದೊಡ್ಡವಳು ಯಾರೆಂದು ನಾನು ಕೇಳಿರಲೂ ಇಲ್ಲ.

ಅತ್ತೆ ಖಾಲಿ ತಟ್ಟೆಯ ಕಡೆ ತಿರುಗಿದರು. "ದೊಡ್ಡಗೌರಿ, ಸಾಕು ಬುಡವ್ವ. ಮಗು ಉಸ್ರಾಡ್ಲಿ."

ಸ್ವರ ತುಂಡಾಯಿತು. ಗೌರಿ ನನ್ನ ಮಡಿಲಿಗೆ ಬಿದ್ದು ಏದುಸಿರು ಬಿಟ್ಟಳು. ಬಹಳ ಹೊತ್ತಾದ ಮೇಲೆ ತಲೆಯೆತ್ತಿದಳು.

"ಅಮ್ಮ, ಕರು ಕಟ್ಟಿದ್ಯಾ?"

ಕರು. ಪುಟ್ಟ ಸ್ವರ.

ಅತ್ತೆ ಕಣ್ಣೊರೆಸಿಕೊಂಡು, ಒಲೆಯ ಮೇಲಿನ ಸಾರು ಉಕ್ಕುತ್ತದೆಂದು ಏಳಲು ಹೋದರು. ನಾನು ಸೆರಗು ಹಿಡಿದೆ.

"ಉಕ್ಕಲಿ ಅತ್ತೆ. ಗೌರಿ ಊಟ ಮುಗೀಲಿ."

ಅವರು ನನ್ನನ್ನು ನೋಡಿದರು, ಏಣಿಯನ್ನು ನೋಡಿದರು, ಕೂತರು.